ವಿಯೆನ್ನಾದ ಹಾಳೆ ಮತ್ತು ನಮ್ಮ ರಾದ್ಕಕ್ಕ

ಡಾನ್ಯೂಬ್ ದಂಡೆಯ ನಮ್ಮ ಬ್ರೆಗೊವೆಟ್ಸ್ ಪಟ್ಟಣದಲ್ಲಿ ಯಾವುದಾದರೂ ಕಂಪನಿಯ ಬಗ್ಗೆ ಯಾರಾದರೂ ಏನಾದರೂ ಹೇಳಿದರೆ "ಇದನ್ನ ಮೊದಲು ಹೇಳಿದವರು ಯಾರು?" ಎಂದು ಕೇಳುವ ಅಭ್ಯಾಸ ಇಲ್ಲಿನ ಪತ್ರಕರ್ತರಿಗೂ ಸಣ್ಣ ಉದ್ಯಮಿಗಳಿಗೂ ಕಾಲೇಜಿನ ಮಕ್ಕಳಿಗೂ ಅಂಟಿಕೊಂಡಿದೆ. ಹಾಗೆ ಅಂಟಿಸಿದ ಶ್ರೇಯಸ್ಸು ಶ್ರೀಮತಿ ರಾದ್ಕಾ ಮಿಲುಶೆವಾ ಅವರದು. ನಲವತ್ತೆರಡು ವರ್ಷಗಳ ಕಾಲ ವ್ಯಾಪಾರ ಸಂಶೋಧನಾ ಕೇಂದ್ರದ ವಾಚನಾಲಯದಲ್ಲಿ ಕುಳಿತು, ನಂಬತಕ್ಕ ಮಾಹಿತಿಯನ್ನೂ ನಂಬಬಾರದ ಮಾಹಿತಿಯನ್ನೂ ಬೇರ್ಪಡಿಸುವುದೇ ಒಂದು ವಿದ್ಯೆ ಎಂದು ನಮಗೆ ತೋರಿಸಿಕೊಟ್ಟು, ಈ ಶರತ್ಕಾಲದಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರು ಸಿದ್ಧಪಡಿಸಿದ ಸೂಚಿಗಳ ಬಗ್ಗೆ, ಅವರ ತರಗತಿಗಳ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನನ್ನ ಪಾಲಿಗೆ ಉಳಿದಿರುವುದು ೧೯೯೮ರ ವಸಂತದ ಕೆಲವು ವಾರಗಳು. ಆ ವಾರಗಳನ್ನು ನಾವಿಬ್ಬರೂ ಹೆದರಿಕೊಂಡೇ ಕಳೆದೆವು. ಆ ಹೆದರಿಕೆಯಲ್ಲಿ ಅವರು ಏನು ಮಾಡಿದರು, ನಾನು ಏನು ಮಾಡಿದೆ ಎಂಬುದನ್ನು ಹೇಳದೆ ಅವರನ್ನು ಅಭಿನಂದಿಸುವ ಹಕ್ಕು ನನಗಿಲ್ಲ.

ಮಿಲುಶೆವಾ ಅವರು ಕೇಂದ್ರಕ್ಕೆ ಸೇರಿದ್ದು ೧೯೮೧ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಅಂಕಿಅಂಶಗಳು ಮೇಲಿನ ಸರ್ಕಾರಿ ಕಚೇರಿಗಳಿಂದ ಇಳಿದು ಬರುತ್ತಿದ್ದ, ಕೆಳಗಿನವರು ಅವನ್ನು ಅಂದವಾಗಿ ಬೆರಳಚ್ಚು ಮಾಡಿಡುತ್ತಿದ್ದ ಕಾಲ ಅದು. ಒಂದೇ ಸುಗ್ಗಿಗೆ ಎರಡು ಕಚೇರಿಗಳು ಎರಡು ಬಗೆಯ ಸಂಖ್ಯೆ ಕಳಿಸಿದಾಗ ಉಳಿದವರು ದೊಡ್ಡದನ್ನು ಆರಿಸಿಕೊಂಡು ಸುಮ್ಮನಾಗುತ್ತಿದ್ದರಂತೆ. ಇವರು ಮಾತ್ರ ಎರಡನ್ನೂ ಒಂದು ಚೀಟಿಯಲ್ಲಿ ಬರೆದು, ಯಾವುದು ಎಲ್ಲಿಂದ ಬಂತೆಂದು ಗುರುತು ಹಾಕಿ, ಮೇಜಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರು. ಯಾರೂ ಕೇಳದ ಆ ಚೀಟಿಗಳು ಹದಿನೈದು ವರ್ಷಗಳಲ್ಲಿ ಮೂರು ಖಾನೆ ತುಂಬಿದ್ದವು.

ನಾನು ಅವರನ್ನು ಕಂಡದ್ದು ೧೯೯೬ರಲ್ಲಿ, ಅವರ ಗುರುವಾರದ ತರಗತಿಯ ವಿದ್ಯಾರ್ಥಿಯಾಗಿ. ಮರುವರ್ಷದ ಚಳಿಗಾಲದಲ್ಲಿ ಹಣದುಬ್ಬರದಿಂದ ವಿದ್ಯಾರ್ಥಿವೇತನಕ್ಕೆ ಬೆಲೆಯೇ ಇಲ್ಲದಂತಾದಾಗ, ಬೆಣ್ಣೆಕಾಗದದಲ್ಲಿ ಸುತ್ತಿ ತಂದ ಬಾನಿತ್ಸಾ ಎಂಬ ಚೀಸ್ ತಿಂಡಿಯ ಎರಡು ತುಂಡುಗಳಲ್ಲಿ ಒಂದನ್ನು "ಒಂದು ಜಾಸ್ತಿ ಆಯ್ತು, ನೀನೇ ಮುಗಿಸು" ಎಂದು ದಿನವೂ ನನ್ನ ಮುಂದೆ ಸರಿಸುತ್ತಿದ್ದರು. ದಿನವೂ ಒಂದು ಜಾಸ್ತಿಯಾಗುವುದು ಹೇಗೆಂದು ನಾನು ಕೇಳಲಿಲ್ಲ. ಕೇಂದ್ರದಲ್ಲಿ ಸಹಾಯಕನ ಹುದ್ದೆ ಖಾಲಿಯಾದಾಗ ಸಂದರ್ಶನಕ್ಕೆ ಹಾಕಿಕೊಳ್ಳಲು ತಮ್ಮ ಗಂಡನ ಕೋಟನ್ನು ತಂದುಕೊಟ್ಟರು. ಅವರ ಗಂಡ ನದಿಯ ಹಡಗುಗಳಲ್ಲಿ ಮೆಕ್ಯಾನಿಕ್, ತಿಂಗಳುಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ಕೋಟಿನ ತೋಳು ನನ್ನ ಬೆರಳುಗಳನ್ನು ಮುಚ್ಚುತ್ತಿತ್ತು. ಕೆಲಸ ಸಿಕ್ಕಿತು. ಅಂದಿನಿಂದ ಅವರು ನನಗೆ ರಾದ್ಕಕ್ಕ.

ನಮ್ಮೂರಿನ ಸರ್ಕಾರಿ ಡಬ್ಬಿ ಕಾರ್ಖಾನೆಯನ್ನು ಮಾರುವ ಮಾತು ಎದ್ದದ್ದು ೧೯೯೮ರ ಮಾರ್ಚಿನಲ್ಲಿ. ಲ್ಯುತೆನಿತ್ಸಾ ಎಂಬ ಮೆಣಸಿನಕಾಯಿ ಚಟ್ನಿ, ಬಟಾಣಿ, ಏಪ್ರಿಕಾಟ್ ರಸಾಯನ ತಯಾರಾಗುತ್ತಿದ್ದ ಆ ಕಾರ್ಖಾನೆಯಲ್ಲಿ ಆರುನೂರ ನಲವತ್ತು ಜನ ದುಡಿಯುತ್ತಿದ್ದರು. ಅವರಲ್ಲಿ ನನ್ನ ತಾಯಿ ಸ್ಟೋಯ್ನಾ ಕೂಡ ಒಬ್ಬರು. ಎರಡನೇ ಸಾಲಿನಲ್ಲಿ, ಡಬ್ಬಿಗಳನ್ನು ಬೇಯಿಸುವ ಆವಿಪಾತ್ರೆಗಳ ಪಕ್ಕ ನಿಂತು ಇಪ್ಪತ್ತೊಂಬತ್ತು ವರ್ಷ ಸವೆಸಿದವರು. ಕೊಳ್ಳಲು ಬಂದದ್ದು ಲಿಂಟೋರಾ ಎಂಬ ಆಸ್ಟ್ರಿಯಾದ ಕಂಪನಿ. ಒಬ್ಬರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಅದು ಮಾತು ಕೊಟ್ಟಿತ್ತು. ಕಂಪನಿ ನಂಬಿಕೆಗೆ ಅರ್ಹವೇ ಎಂದು ವರದಿ ಕೊಡುವಂತೆ ಮಾರಾಟ ಸಮಿತಿ ನಮ್ಮ ಕೇಂದ್ರವನ್ನು ಕೇಳಿತು. ಆಧಾರಗಳನ್ನು ಕಲೆಹಾಕುವ ಕೆಲಸ ನನಗೆ ಬಂತು.

ಎರಡು ವಾರಗಳಲ್ಲಿ ನಾನು ಹನ್ನೊಂದು ಪತ್ರಿಕಾ ಲೇಖನಗಳನ್ನು, ಉದ್ಯಮಗಳ ಕೈಪಿಡಿಯೊಂದರ ನಮೂದನ್ನು, ಮಾರುಕಟ್ಟೆ ಅಧ್ಯಯನ ಸಂಸ್ಥೆಯೊಂದರ ಹೊಳಪು ಕಾಗದದ ವರದಿಯನ್ನು ಕೂಡಿಸಿದೆ. "ಹದಿಮೂರು ಸ್ವತಂತ್ರ ಮೂಲಗಳು ದೃಢಪಡಿಸುವಂತೆ" ಎಂದು ಶುರುವಾಗುವ ಕರಡನ್ನು ಹೆಮ್ಮೆಯಿಂದ ರಾದ್ಕಕ್ಕನ ಮೇಜಿನ ಮೇಲಿಟ್ಟೆ. ಅವರು ಕರಡನ್ನು ಬದಿಗೆ ಸರಿಸಿ, ಲೇಖನಗಳನ್ನು ಮೇಜಿನ ಉದ್ದಕ್ಕೂ ಹರಡಿ, ಪೆನ್ಸಿಲಿನಿಂದ ಒಂದೊಂದರಲ್ಲೂ ಒಂದು ಸಾಲಿನ ಕೆಳಗೆ ಗೆರೆ ಎಳೆಯುತ್ತ ಹೋದರು.

"ಓದು."

ಕಂಪನಿಯ ದೊಡ್ಡ ಕಾರ್ಖಾನೆ ವೆಲ್ಸ್ ಪಟ್ಟಣದಲ್ಲಿ ಎನ್ಸ್ ನದಿಯ ದಂಡೆಯ ಮೇಲಿದೆ ಎಂದಿತ್ತು. ಹನ್ನೊಂದರಲ್ಲೂ.

"ನಕ್ಷೆ ತಗೊಂಡು ನೋಡು. ವೆಲ್ಸ್ ಇರೋದು ಟ್ರೌನ್ ನದಿ ಮೇಲೆ. ಒಬ್ಬ ತಪ್ಪು ಬರೆದ ಅಂದ್ರೆ ಒಪ್ಕೋತೀನಿ. ಹನ್ನೊಂದು ಜನ ಒಂದೇ ಕಲ್ಲಿಗೆ ಎಡವ್ತಾರೇನೋ? ಇವು ಹನ್ನೊಂದಲ್ಲ ಕಣೋ, ಒಂದೇ. ಯಾರೋ ಒಬ್ಬ ಬರೆದು ಹಂಚಿದಾನೆ, ಉಳಿದೋರು ಕೆಳಗೆ ತಮ್ಮ ಹೆಸರು ಹಾಕ್ಕೊಂಡಿದಾರೆ."

ಕೈಪಿಡಿಯ ನಮೂದನ್ನು ಕಂಪನಿಯವರೇ ತುಂಬಿ ಕಳಿಸುತ್ತಾರೆ, ಪ್ರಕಾಶಕರು ಪರಿಶೀಲಿಸುವುದಿಲ್ಲ ಎಂದು ಅದರ ಮುನ್ನುಡಿಯಲ್ಲೇ ಅಚ್ಚಾಗಿತ್ತು. ನಾನು ಮುನ್ನುಡಿ ಓದಿರಲಿಲ್ಲ. ಅಧ್ಯಯನ ಸಂಸ್ಥೆಯ ವಿಳಾಸ ಮತ್ತು ಲಿಂಟೋರಾದ ವಿಳಾಸ ಒಂದೇ ಬೀದಿಯ ಒಂದೇ ಕಟ್ಟಡದ ಒಂದೇ ಮಹಡಿಯದಾಗಿತ್ತು. ಅವರು ಗದರಲಿಲ್ಲ. "ಹೇಳಿದವನಿಗೆ ಅದು ಹೇಗೆ ಗೊತ್ತಾಯ್ತು, ಹೇಳೋದ್ರಿಂದ ಅವನಿಗೇನು ಲಾಭ, ಸುಳ್ಳು ಹೇಳಿದ್ರೆ ಅವನಿಗೆ ಶಿಕ್ಷೆ ಆಗತ್ತಾ. ಈ ಮೂರು ಕೇಳ್ಕೊ. ಶಿಕ್ಷೆ ಆಗೋ ಕಡೆ ಜನ ಸ್ವಲ್ಪ ನಿಜ ಹೇಳ್ತಾರೆ. ವಿಯೆನ್ನಾದ ನೋಂದಣಿ ನ್ಯಾಯಾಲಯಕ್ಕೆ ಬರಿ, ದಾಖಲೆಯ ದೃಢೀಕೃತ ಪ್ರತಿ ತರಿಸು" ಎಂದರು. ಬರೆದೆ. ಪತ್ರದ ವಿವರವನ್ನೂ ಕಂಪನಿಯ ನೋಂದಣಿ ಸಂಖ್ಯೆಯನ್ನೂ ನಿಯಮದಂತೆ ರವಾನೆ ಪುಸ್ತಕದಲ್ಲಿ ನಾನೇ ನಮೂದಿಸಿದೆ.

ಹಾಳೆ ಬಂದದ್ದು ಒಂಬತ್ತನೆಯ ದಿನ. ಒಂದೇ ಹಾಳೆ, ಕೆಳಗೆ ಮೊಹರು. ಲಿಂಟೋರಾ ನೋಂದಣಿಯಾಗಿ ಎಂಟು ತಿಂಗಳಾಗಿತ್ತು. ಅದರ ವ್ಯವಹಾರ ವಾಹನ ಬಾಡಿಗೆ. ಕಾರ್ಖಾನೆ ಎಂಬುದು ಎಲ್ಲೂ ಇರಲಿಲ್ಲ. ನಿರ್ದೇಶಕನ ಹೆಸರಿನ ಮೇಲೆ ರಾದ್ಕಕ್ಕನ ಬೆರಳು ನಿಂತಿತು. ಅವನು ನಮ್ಮೂರಿನವನೇ, ಬಸ್ ನಿಲ್ದಾಣದ ಹಿಂದೆ ಟೈರ್ ಅಂಗಡಿ ಇಟ್ಟಿದ್ದವನು. ಡಬ್ಬಿ ಕಾರ್ಖಾನೆಯ ಉಪನಿರ್ದೇಶಕರಿಗೆ ಹೆಂಡತಿಯ ತಮ್ಮ. ಯಂತ್ರಗಳನ್ನು ಬಿಚ್ಚಿ ಮಾರಿ ಕಾರ್ಖಾನೆ ನಿಂತಿದ್ದ ನದಿಯ ಪಕ್ಕದ ಜಾಗವನ್ನು ಉಳಿಸಿಕೊಳ್ಳುವ ಹಂಚಿಕೆ ಎಂದು ಊಹಿಸಲು ಕಷ್ಟವಿರಲಿಲ್ಲ. ರಾದ್ಕಕ್ಕ ಎದ್ದು ಹೋಗಿ ವಾಚನಾಲಯದ ಬಾಗಿಲು ಮುಚ್ಚಿದರು. ಆ ಬಾಗಿಲನ್ನು ಹಗಲು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

"ಸಮಿತಿ ಸಭೆ ಆಗೋವರೆಗೆ ಯಾರಿಗೂ ಹೇಳ್ಬೇಡ. ನಿಮ್ಮಮ್ಮಂಗೂ ಬೇಡ. ನಕಲು ಯಂತ್ರ ಬೇರೆ ಕೆಟ್ಟು ಕೂತಿದೆ. ಇರೋದು ಇದೊಂದೇ."

ಹಾಳೆ ಕಬ್ಬಿಣದ ಬೀರುವಿಗೆ ಹೋಯಿತು. ಅದರ ಕೀಲಿ ಇದ್ದದ್ದು ಅವರ ಬಳಿ ಒಂದು, ನನ್ನ ಬಳಿ ಒಂದು.

ನಾವು ಕಂಪನಿಯ ಮೂಲ ಕೆದಕುತ್ತಿರುವ ಸುದ್ದಿ ಹೇಗೆ ಹೊರಬಿತ್ತೋ ತಿಳಿಯದು. ವಿಯೆನ್ನಾದ ಮುದ್ರೆಯಿದ್ದ ಲಕೋಟೆಯನ್ನು ಅಂಚೆಯಲ್ಲಿ ಯಾರೋ ನೋಡಿರಬೇಕು. ಮೊದಲು ತಿರುಗಿ ಬಿದ್ದದ್ದು ಊರಿನ ಸಜ್ಜನರೇ. ಬ್ರೆಡ್ಡಿನ ಅಂಗಡಿಯಾಕೆ ರಾದ್ಕಕ್ಕನಿಗೆ ಎಲ್ಲರ ಎದುರೇ, "ಏನಮ್ಮಾ, ಆರುನೂರು ಮನೆ ಹೊಟ್ಟೆ ಮೇಲೆ ಹೊಡೀತೀಯಂತೆ? ಕುರ್ಚಿ ಬೆಚ್ಚಗಿದ್ರೆ ಹೀಗೇ ಆಡೋದು" ಎಂದಳು. ನನ್ನ ತಾಯಿಯೂ ಮನೆಯಲ್ಲಿ ತಟ್ಟೆ ಕುಕ್ಕಿ, "ನಿಮ್ಮ ರಾದ್ಕಾಗೆ ಹೇಳು, ಬಂದ ಗಿರಾಕೀನ ಓಡಿಸಿದ್ರೆ ನಾನು ಅವಳ ಮನೇಲಿ ಪಾತ್ರೆ ತೊಳೆಯೋಕೆ ಬರ್ತೀನಿ ಅಂತ" ಎಂದರು. ನನಗೆ ಗೊತ್ತಿದ್ದುದನ್ನು ಬಾಯಿ ಬಿಡುವಂತಿರಲಿಲ್ಲ.

ಆಮೇಲೆ ಒಬ್ಬ ಅಪರಿಚಿತ ಮನುಷ್ಯ ಬಂದ. ಒಳ್ಳೆಯ ಬೂಟು, ಮೆಲುದನಿ. ವಾಚನಾಲಯದ ಸದಸ್ಯನಾದ. ಇವಾನ್ ಇವಾನೊವ್ ಎಂದು, ನಮ್ಮಲ್ಲಿ ಬೀದಿಗೊಬ್ಬರಿಗಿರುವ ಹೆಸರು ಬರೆದುಕೊಟ್ಟು, ಇದು ಸುಳ್ಳೆಂದು ನಿಮಗೂ ಗೊತ್ತು ಎಂಬಂತೆ ನಕ್ಕ. ಮೂರು ದಿನ ರಾದ್ಕಕ್ಕನ ಮೇಜಿನ ಎದುರಿನ ಕುರ್ಚಿಯಲ್ಲಿ, ಒಂದೇ ಪುಸ್ತಕದ ಒಂದೇ ಪುಟ ತೆರೆದಿಟ್ಟುಕೊಂಡು ಕುಳಿತ. ನಾಲ್ಕನೆಯ ದಿನ ಎದ್ದು ಬಂದು ಕೇಳಿದ:

"ನೀವು ಯಾವ ಮಾಹಿತಿ ಬೇಕಾದ್ರೂ ಹುಡುಕಿ ಕೊಡ್ತೀರಂತೆ. ನದಿ ಬೀದಿ ಶಾಲೇಲಿ ಮೂರನೇ ತರಗತಿ ಮಕ್ಕಳು ಮನೆಗೆ ಯಾವ ಬಸ್ಸಲ್ಲಿ ಹೋಗ್ತಾರೆ, ಎಷ್ಟು ಗಂಟೆಗೆ?"

ರಾದ್ಕಕ್ಕನ ಮಗಳು ಎಲಿಟ್ಸಾ ಅದೇ ಶಾಲೆಯ ಮೂರನೆಯ ತರಗತಿಯಲ್ಲಿದ್ದಳು. ವಾಚನಾಲಯದಲ್ಲಿ ಏಳೆಂಟು ಜನರಿದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ. ರಾದ್ಕಕ್ಕ ಖಾನೆ ಎಳೆದು ಕೋರಿಕೆ ಚೀಟಿಯೊಂದನ್ನು ತೆಗೆದು ಅವನ ಮುಂದಿಟ್ಟರು.

"ಬರೆದು ಸಹಿ ಮಾಡಿ. ಇಲ್ಲಿ ಬಾಯಿ ಮಾತಿನ ಕೋರಿಕೆ ತಗೊಳ್ಳಲ್ಲ."

ದನಿ ಸರಿಯಾಗಿಯೇ ಇತ್ತು. ಆದರೆ ಚೀಟಿಯ ಖಾಲಿ ಹಿಂಬದಿಯನ್ನು ಮೇಲೆ ಮಾಡಿ ಇಟ್ಟಿದ್ದರು. ಅವನು ಅದನ್ನು ತಿರುಗಿಸಿಕೊಂಡ. ಅವನು ನಕ್ಕು, ಆ ಪ್ರಶ್ನೆಯನ್ನು ದುಂಡಗಿನ ಅಕ್ಷರಗಳಲ್ಲಿ ಬರೆದು, ಸಹಿ ಹಾಕಿ ಹೋದ. ಅವರು ಚೀಟಿಗೆ ತಾರೀಕಿನ ಮುದ್ರೆ ಒತ್ತಿ ಕಡತದಲ್ಲಿಟ್ಟರು. ಪೊಲೀಸರಿಗೆ ಹೇಳೋಣವೆಂದಾಗ, "ಅಲ್ಲಿ ಉಪನಿರ್ದೇಶಕರ ಜೊತೆ ಊಟ ಮಾಡದೋನು ಯಾರಾದ್ರೂ ಇದ್ರೆ ತೋರ್ಸು, ಹೋಗ್ತೀನಿ" ಎಂದರು. ಅದೇ ಮಧ್ಯಾಹ್ನ ಎಲಿಟ್ಸಾಳನ್ನು ತಂಗಿಯ ಊರಿಗೆ ಕರೆದೊಯ್ದು ಬಿಟ್ಟು ಬಂದರು.

ಇನ್ನು ಮುಂದಿನದನ್ನು ನಾನು ಎಲ್ಲೂ ಬರೆದಿಲ್ಲ.

ಮಾರಾಟಕ್ಕೆ ಸಹಿ ಬೀಳಬೇಕಿದ್ದ ಸಮಿತಿಯ ಸಭೆಗೆ ಎರಡು ದಿನವಿರುವಾಗ ಆ ಮನುಷ್ಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಬಂದು ನಿಂತ. ನಡುಮಧ್ಯಾಹ್ನ, ಸುತ್ತ ಜನ.

"ಅಮ್ಮ ಎರಡನೇ ಸಾಲಲ್ಲಿ ಅಲ್ವಾ? ಆವಿಪಾತ್ರೆ ಪಕ್ಕ. ಹುಷಾರಾಗಿರೋಕೆ ಹೇಳಿ. ಹಳೇ ಯಂತ್ರ, ಯಾವಾಗ ಮುಚ್ಚಳ ಹಾರತ್ತೋ."

ನಾನು ಹಿಂದೆ ಸರಿದೆ, ಅವನೂ ಜೊತೆಗೇ ಸರಿದ.

"ಒಂದು ಹಾಳೆ ಬೇಕಾಗಿತ್ತು. ನಾಳೆ ಇದೇ ಹೊತ್ತಿಗೆ ಇಲ್ಲೇ ಸಿಕ್ತೀನಿ."

ಮರುದಿನ ರಾದ್ಕಕ್ಕ ಊಟಕ್ಕೆ ಹೋದಾಗ ನಾನು ಬೀರು ತೆರೆದು ಹಾಳೆಯನ್ನು ತೆಗೆದೆ. ಮಡಚಿ ಒಳಜೇಬಿಗೆ ಹಾಕಿಕೊಂಡೆ. ಬಸ್ ನಿಲ್ದಾಣದಲ್ಲಿ ಅದನ್ನು ಕೊಟ್ಟೆ. ಅವನು "ಒಳ್ಳೇ ಮಗ" ಎಂದ. ರವಾನೆ ಪುಸ್ತಕದಲ್ಲಿ ನೋಂದಣಿ ಸಂಖ್ಯೆ ಇದೆ ಎಂಬುದನ್ನು ಅವನಿಗೆ ಹೇಳಲಿಲ್ಲ. ಮರೆತೆನೋ, ಬೇಕೆಂದೇ ಹೇಳಲಿಲ್ಲವೋ, ಇಂದಿಗೂ ನನಗೆ ತಿಳಿಯದು. ಬೇಕೆಂದೇ ಹೇಳಲಿಲ್ಲವೆಂದು ಬರೆದುಕೊಳ್ಳುವ ಆಸೆಯಿದೆ. ಆದರೆ ಅದಕ್ಕೆ ನನ್ನ ಬಳಿ ಆಧಾರವಿಲ್ಲ.

ಸಭೆ ನಡೆದದ್ದು ಕಾರ್ಖಾನೆಯ ಊಟದ ಹಜಾರದಲ್ಲಿ. ವೇದಿಕೆಯ ಮೇಲೆ ಸಮಿತಿ ಮತ್ತು ಉಪನಿರ್ದೇಶಕರು, ಕೆಳಗೆ ಬಿಳಿ ಶಿರವಸ್ತ್ರ ಕಟ್ಟಿದ ಇನ್ನೂರಕ್ಕೂ ಹೆಚ್ಚು ಹೆಂಗಸರು, ಹಿಂದಿನ ಬಾಗಿಲಿನ ಬಳಿ ಒಳ್ಳೆಯ ಬೂಟಿನವನು. ರಾದ್ಕಕ್ಕ ಕಡತ ತೆರೆದರು. ಒಂದೊಂದೇ ಕಾಗದ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಎಂಟು ತಿಂಗಳ ಕಂಪನಿ, ವಾಹನ ಬಾಡಿಗೆ, ನಿರ್ದೇಶಕನ ಹೆಸರು. ಹಜಾರದಲ್ಲಿ ಗದ್ದಲವೆದ್ದಿತು. ಉಪನಿರ್ದೇಶಕರು ಕೈಯೆತ್ತಿ ಸುಮ್ಮನಾಗಿಸಿದರು.

"ಎಲ್ಲಿ ಮೇಡಂ ಆ ಹಾಳೆ? ತೋರ್ಸಿ. ಇಲ್ಲಾ ಕನಸಲ್ಲಿ ಬಂತಾ?"

ಕೆಲವರು ನಕ್ಕರು. ರಾದ್ಕಕ್ಕ ಕಡತವನ್ನು ಮುಚ್ಚಿದರು.

"ಹಾಳೆ ನನ್ನ ಹತ್ರ ಇತ್ತು, ಈಗಿಲ್ಲ. ಅದಕ್ಕೇ ಹೇಳ್ತೀನಿ, ನನ್ನನ್ನ ನಂಬ್ಬೇಡಿ. ಕಾಗದ ತೋರ್ಸಕ್ಕಾಗದೋರನ್ನ ನಂಬ್ಬಾರ್ದು, ಅದು ನಾನೇ ಆದ್ರೂ. ಈ ಸಾಹೇಬ್ರನ್ನೂ ನಂಬ್ಬೇಡಿ, ಇವರೂ ಏನೂ ತೋರ್ಸಿಲ್ಲ. ವಿಯೆನ್ನಾದ ನೋಂದಣಿ ನ್ಯಾಯಾಲಯ ಯಾರು ಬರೆದ್ರೂ ಉತ್ತರ ಕೊಡತ್ತೆ. ನಾವು ಕಳಿಸಿದ ಪತ್ರದ ವಿವರ ನಮ್ಮ ರವಾನೆ ಪುಸ್ತಕದಲ್ಲಿದೆ, ಆ ಪುಸ್ತಕ ತಂದಿದೀನಿ. ಸಂಖ್ಯೆ ಓದ್ತೀನಿ, ವಿಳಾಸ ಓದ್ತೀನಿ. ನೀವೇ ಬರೀರಿ. ಒಂಬತ್ತು ದಿನಕ್ಕೆ ಬರತ್ತೆ. ಅಲ್ಲೀವರೆಗೆ ಸಹಿ ಹಾಕ್ಬೇಡಿ. ಇಷ್ಟೇ ನಾನು ಕೇಳೋದು."

ಆಗ ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಬೆಂಚು ಹಿಂದಕ್ಕೆ ತಳ್ಳಿ ಎದ್ದಳು. ನನ್ನ ತಾಯಿ. ಬಾಗಿಲ ಬಳಿಯವನು ಅವರನ್ನೇ ನೋಡುತ್ತಿದ್ದ.

"ನಾನು ಎರಡನೇ ಸಾಲಿನ ಸ್ಟೋಯ್ನಾ. ಈಯಮ್ಮನ್ನ ಹದಿನೈದು ದಿನದಿಂದ ಬೈಕೊಂಡು ಓಡಾಡ್ತಿದೀನಿ, ಇವತ್ತೂ ಬೈಯೋಕೇ ಬಂದಿದ್ದೆ. ಆದ್ರೆ ಈಯಮ್ಮ ನಂಬ್ಬೇಡಿ ಅಂತಿದಾಳೆ, ನೀವು ನಂಬಿ ನಂಬಿ ಅಂತಿದೀರ. ಇಪ್ಪತ್ತೊಂಬತ್ತು ವರ್ಷ ಇಲ್ಲಿ ಡಬ್ಬಿ ಮುಚ್ಚಿದೀನಿ ಸಾಹೇಬ್ರೆ, ಒಂಬತ್ತು ದಿನ ಕಾಯೋಕೆ ನಂಗೇನೂ ಕಷ್ಟ ಇಲ್ಲ. ನಿಮಗೇನವಸರ?" ಆಮೇಲೆ ರಾದ್ಕಕ್ಕನ ಕಡೆ ತಿರುಗಿ, "ಆ ಸಂಖ್ಯೆ ನಿಧಾನಕ್ಕೆ ಹೇಳಮ್ಮಾ, ಕನ್ನಡಕ ತಂದಿಲ್ಲ" ಎಂದರು.

ಅಲ್ಲೊಬ್ಬರು ಇಲ್ಲೊಬ್ಬರು ಪೆನ್ನು ತೆಗೆದರು. ಕೆಲವರು ಅಂಗೈ ಮೇಲೆ ಬರೆದುಕೊಂಡರು. ಸಮಿತಿ ಸಹಿಯನ್ನು ಮುಂದೂಡಿತು.

ಆ ಒಂಬತ್ತು ದಿನಗಳಂಥ ದಿನಗಳು ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ಪ್ರತಿ ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರು ನಿಂತು, ಹೊರಬರುವ ಬಿಳಿ ಶಿರವಸ್ತ್ರಗಳಲ್ಲಿ ನನ್ನ ತಾಯಿಯದನ್ನು ಹುಡುಕುತ್ತಿದ್ದೆ. ಒಂದು ದಿನ ಅವರು ಕೊನೆಯವರಾಗಿ ಬಂದರು. ಅಷ್ಟರಲ್ಲಿ ನಾನು ರಸ್ತೆಯ ಬದಿಯಲ್ಲಿ ವಾಂತಿ ಮಾಡಿಕೊಂಡಿದ್ದೆ. "ಏನಾಯ್ತೋ ನಿಂಗೆ? ಬೆಳ್ಳಗಾಗಿದೀಯ" ಎಂದರು. ಮೀನು ಹಿಡಿಸಲಿಲ್ಲವೆಂದೆ.

ಐದನೆಯ ದಿನ ಆ ಮನುಷ್ಯ ಮತ್ತೆ ವಾಚನಾಲಯಕ್ಕೆ ಬಂದು ಅದೇ ಕುರ್ಚಿಯಲ್ಲಿ ಕುಳಿತ. ರಾದ್ಕಕ್ಕ ಕಡತದಿಂದ ಅವನ ಚೀಟಿಯನ್ನು ತೆಗೆದುಕೊಂಡು ಎದ್ದು ಅವನ ಬಳಿಗೇ ಹೋದರು. ಎಲ್ಲ ಓದುಗರಿಗೂ ಕೇಳುವಂತೆ, "ಶಾಲೆ ಮಕ್ಕಳ ಬಸ್ಸಿನ ವಿಷಯ ಕೇಳಿದ್ರಲ್ಲ, ಅದಕ್ಕೆ ಇನ್ನೂ ಮೂಲ ಸಿಕ್ಕಿಲ್ಲ. ಮಕ್ಕಳ ವಿಷಯ ನಿಮಗೆ ಯಾಕೆ ಬೇಕು ಅನ್ನೋದನ್ನ ಈ ಕಾಲಂನಲ್ಲಿ ಬರೆದಿಲ್ಲ, ವಿಳಾಸಾನೂ ಬರೆದಿಲ್ಲ. ಬರೆದುಕೊಡ್ತೀರಾ?" ಎಂದು ಕೇಳಿದರು. ತಲೆಗಳು ಎದ್ದವು. ಮುದುಕರೊಬ್ಬರು ಪತ್ರಿಕೆ ಕೆಳಗಿಟ್ಟು ಅವನನ್ನೇ ದಿಟ್ಟಿಸಿದರು. ಅವನು ಎದ್ದು ಹೋದ. ಬಾಗಿಲು ಮುಚ್ಚಿದ ಮೇಲೆ ರಾದ್ಕಕ್ಕ ಪುಸ್ತಕ ತೆಗೆಯುವ ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತು ಚೀಟಿಯನ್ನು ಮತ್ತೆ ಕಡತಕ್ಕೆ ಸೇರಿಸಿದರು.

ಏಳು ಜನ ಹೆಂಗಸರು ವಿಯೆನ್ನಾಗೆ ಬರೆದಿದ್ದರು. ಒಂಬತ್ತನೆಯ ದಿನ ಐದು ಹಾಳೆಗಳು ಬಂದವು, ಮರುದಿನ ಉಳಿದೆರಡು. ಏಳರಲ್ಲೂ ಒಂದೇ ಸಂಖ್ಯೆ, ಒಂದೇ ಹೆಸರು, ಒಂದೇ ಮೊಹರು. ನನ್ನ ತಾಯಿ ತಮ್ಮದನ್ನು ಊಟದ ಹಜಾರದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಮಾರಾಟ ರದ್ದಾಯಿತು. ಉಪನಿರ್ದೇಶಕರು ಅನಾರೋಗ್ಯವೆಂದು ರಜೆ ಹಾಕಿ ಹೋದವರು ಹಿಂತಿರುಗಲಿಲ್ಲ. ಕಾರ್ಖಾನೆ ಪೂರ್ತಿ ಉಳಿಯಿತೆಂದು ಹೇಳಲಾರೆ. ಎರಡು ವರ್ಷದ ನಂತರ ಕೊಂಡವರು ಇನ್ನೂರು ಜನರನ್ನು ಮಾತ್ರ ಇಟ್ಟುಕೊಂಡರು. ಆದರೆ ಅದು ಇಂದಿಗೂ ನಡೆಯುತ್ತಿದೆ.

ರಾದ್ಕಕ್ಕನಿಗೆ ಸಿಕ್ಕ ಬಹುಮಾನವೆಂದರೆ ನೆಲಮಾಳಿಗೆ. ಪುನರ್ರಚನೆಯ ಹೆಸರಿನಲ್ಲಿ ಮೇಲಿನವರು ಅವರನ್ನು ಹಳೆಯ ಪತ್ರಿಕೆಗಳ ದಾಸ್ತಾನಿಗೆ ಕಳಿಸಿದರು. ಆ ಬೇಸಗೆಯಲ್ಲಿ ಒಂದು ದಿನ ನಾನು ಅಲ್ಲಿಗೆ ಇಳಿದು ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ಕಟ್ಟು ಬಿಚ್ಚುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೋ. ಕೀಲಿ ಇದ್ದದ್ದು ಎರಡೇ ಅಲ್ವಾ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೇಳಿ? ನಿಮ್ಮಮ್ಮನ ಎದುರಿಗೆ?" ಎಂದು ಕಟ್ಟನ್ನು ಬದಿಗಿಟ್ಟು, "ಇಲ್ಲಿ ಕೇಳು. ನೀನು ಅದನ್ನ ತೆಗೆಯೋ ಹಿಂದಿನ ದಿನ ನಾನೇ ಬೀರು ತೆಗೆದು, ಹಾಳೆ ಕೈಲಿ ಹಿಡ್ಕೊಂಡು, ಬೆಂಕಿಪೊಟ್ಟಣ ಇಟ್ಕೊಂಡು ನಿಂತಿದ್ದೆ. ಒಂದು ಕಡ್ಡಿ ಗೀರಿಯೂ ಆಗಿತ್ತು. ಯಾರೋ ಬಾಗಿಲು ತಟ್ಟಿದ್ರು, ಆರಿಸ್ದೆ. ಅಷ್ಟೇ ವ್ಯತ್ಯಾಸ. ಅದಕ್ಕೇ ಅವತ್ತು ಸಭೆಗೆ ಹೋಗುವಾಗ ರವಾನೆ ಪುಸ್ತಕ ಜೊತೇಲಿ ತಗೊಂಡಿದ್ದು. ನಂಗೆ ನನ್ನ ಮೇಲೇ ನಂಬಿಕೆ ಇರ್ಲಿಲ್ಲ" ಎಂದರು.

ಆಮೇಲೆ ಕೈ ಒರೆಸಿಕೊಂಡು ನನಗೆ ಲಿಂಡೆನ್ ಹೂವಿನ ಚಹಾ ಮಾಡಿಕೊಟ್ಟರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಎರಡು ವರ್ಷ ನೆಲಮಾಳಿಗೆಯಲ್ಲಿದ್ದು ಅವರು ಮೇಲೆ ಬಂದರು. ಮುಂದಿನ ಇಪ್ಪತ್ತಮೂರು ವರ್ಷಗಳಲ್ಲಿ ಈ ಪ್ರಾಂತ್ಯದ ಎಲ್ಲ ಕಂಪನಿಗಳ ಮೂಲ ದಾಖಲೆಗಳ ಸೂಚಿಯನ್ನು ಕಟ್ಟಿದರು. ವಾರಕ್ಕೊಂದು ತರಗತಿಯನ್ನು ಒಮ್ಮೆಯೂ ತಪ್ಪಿಸಲಿಲ್ಲ. ನಾನು ಕೇಂದ್ರದ ಮುಖ್ಯಸ್ಥನಾದ ದಿನ ಬೀರುವಿನ ತಮ್ಮ ಕೀಲಿಯನ್ನೂ ನನ್ನ ಕೈಯಲ್ಲಿಟ್ಟು ತಮ್ಮ ಮೇಜಿಗೆ ಹೋದರು. ನನಗೆ ಅದುವರೆಗೆ ಸಿಕ್ಕಿದ್ದ ಅತಿ ದೊಡ್ಡ ಗೌರವ ಅದು, ಅತಿ ದೊಡ್ಡ ಭಯವೂ ಅದೇ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಹೋದ ಭಾನುವಾರ ನನ್ನ ತಾಯಿಗೆ ಓದಿ ಹೇಳಿದೆ. ಅವರಿಗೀಗ ಎಪ್ಪತ್ತೈದು. ಬಸ್ ನಿಲ್ದಾಣದ ವಿಷಯ ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಈ ಓದಿಗೆ ನಾನು ಹೆದರುತ್ತಿದ್ದೆ. ಮುಗಿದ ಮೇಲೆ ಅವರು ಹಾಳೆಗಳನ್ನು ನನ್ನ ಕೈಯಿಂದ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

"ನನ್ನ ಹೆಸರು ಹೇಳಿ ಹೆದರಿಸಿದ್ರಾ ನಿನ್ನ?"

"ಹೂಂ ಅಮ್ಮಾ."

"ಮತ್ತೆ ಅವಳು, ನೀನು ತೆಗೆದಿದ್ದು ಗೊತ್ತಿದ್ದೂ, ಅಷ್ಟು ಜನರ ಮುಂದೆ ನಿನ್ನ ಹೆಸರು ಬಾಯಿಬಿಡ್ಲಿಲ್ಲ."

"ಇಲ್ಲ."

ಅವರು ಕೋಲು ಹಿಡಿದು ಎದ್ದರು. "ನಾಳೆ ಅವಳನ್ನ ಊಟಕ್ಕೆ ಕರಿ. ಪೇಪರಲ್ಲಿ ಬರೆದ್ರೆ ಆಗಲ್ಲ, ನಾನು ಎದುರಿಗೆ ಕೂತು ಹೇಳ್ಬೇಕು. ಮೆಣಸಿನಕಾಯಿ ಸುಡಬೇಕು, ನೀನು ಬೇಗ ಬಾ."

ಮಾನ್ಯ ರಾದ್ಕಾ ಮಿಲುಶೆವಾ ಅವರು ಬಂದರು, ಎರಡು ಸಲ ಬಡಿಸಿಕೊಂಡು ಉಂಡರು. ಅಂದು ಆ ಇಬ್ಬರು ಹೆಂಗಸರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನು ಮಾತಾಡಿದರೆಂಬುದು ನನಗೆ ತಿಳಿಯದು, ಆದ್ದರಿಂದ ಬರೆಯುವುದಿಲ್ಲ. ರಾದ್ಕಕ್ಕನಿಗೆ ದೀರ್ಘಾಯುಷ್ಯವೂ ಗಟ್ಟಿಯಾದ ಕಣ್ಣುಗಳೂ ದೊರೆಯಲಿ. ನಿವೃತ್ತಿಯ ನಂತರವೂ ಗುರುವಾರದ ತರಗತಿಯನ್ನು ಬಿಡುವುದಿಲ್ಲವೆಂದು ಅವರು ಕೊಟ್ಟಿರುವ ಮಾತು ಬಹುಕಾಲ ನಡೆಯಲಿ. ಮುಂದೆಂದಾದರೂ ಯಾವನಾದರೂ ಇವಾನ್ ಇವಾನೊವ್ ಬಂದು ಅವರ ಎದುರಿನ ಕುರ್ಚಿಯಲ್ಲಿ ಕುಳಿತರೆ, ಆ ದಿನ ಅವರ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುವಷ್ಟು ಧೈರ್ಯ ನನಗಿರಲಿ ಎಂದು ಪ್ರಾರ್ಥಿಸುತ್ತೇನೆ.